ಕೇಳಿದವರಿಗೆ ಕೊಡುವ ಪದ್ಧತಿಯಿಲ್ಲ

ಪ್ರತಿ ವರ್ಷ ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ನಮ್ಮ ಸಂಸ್ಥೆಯ ದೊಡ್ಡವರಿಗೆ ಒಂದು ಕಾಯಿಲೆ ಶುರುವಾಗುತ್ತದೆ. ಮಕ್ಕಳಿಗೆ ಶಿಸ್ತು, ಸೇವೆ, ಹಗ್ಗಕ್ಕೆ ಗಂಟು ಹಾಕುವುದು, ಡೇರೆ ಕಟ್ಟುವುದು ಇವನ್ನೆಲ್ಲ ಕಲಿಸುವ ಸಂಸ್ಥೆ ನಮ್ಮದು. ಕೊರಳಿಗೆ ಬಣ್ಣದ ಸ್ಕಾರ್ಫು, ಜೇಬಿನಲ್ಲಿ ಸೀಟಿ. ಕಲಿಸುವವರಿಗೆ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು. ಸಂಬಳದ ಬದಲಿಗೆ ವರ್ಷಕ್ಕೊಂದು ಸಲ ಪ್ರಶಸ್ತಿ ಎಂಬುದಿದೆ. ಅದಕ್ಕೆ ಹೆಸರು ಕಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂದ ಸಂಜೆಯಿಂದಲೇ ನನ್ನ ಫೋನು ಬಿಸಿಯಾಗುತ್ತದೆ.

ಯಾಕೆಂದರೆ ನಾನು ಕನ್ನಡದ ಟೀಚರು. ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಹೊಗಳಿಕೆಗೆ ಒಳ್ಳೆಯ ಕನ್ನಡ ಬೇಕಾದವರೆಲ್ಲ ಬಸವನಗುಡಿಯ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಮಂಡಿನೋವು ವಿಚಾರಿಸುತ್ತಾರೆ, ಆಮೇಲೆ ಮೆಟ್ರೋ ವಿಚಾರ ಮಾತಾಡುತ್ತಾರೆ, ಏಳುವ ಹೊತ್ತಿಗೆ ಕೈಚೀಲದಿಂದ ಒಂದು ಹಾಳೆ ತೆಗೆಯುತ್ತಾರೆ.

ನಮ್ಮ ನಿಯಮ ಓದಲು ಬಹಳ ಚೆನ್ನಾಗಿದೆ. ತಮ್ಮ ಹೆಸರನ್ನು ತಾವೇ ಕಳಿಸುವ ಹಾಗಿಲ್ಲ, ಇನ್ನೊಬ್ಬರು ಕಳಿಸಬೇಕು, ಕಳಿಸಿದ ವಿಷಯ ಅವರಿಗೆ ತಿಳಿಯಕೂಡದು. ಇದನ್ನು ನಮ್ಮವರು ಪಾಲಿಸುವ ರೀತಿ ಹೀಗೆ: ತಮ್ಮ ಬಗ್ಗೆ ತಾವೇ ಬರೆದುಕೊಳ್ಳುತ್ತಾರೆ, ಸ್ನೇಹಿತರ ಕೈಯಲ್ಲಿ ಸಹಿ ಹಾಕಿಸುತ್ತಾರೆ, ಆ ಸ್ನೇಹಿತರು ಬರೆದುಕೊಂಡದ್ದಕ್ಕೆ ತಾವು ಸಹಿ ಹಾಕುತ್ತಾರೆ, ಮರುದಿನದಿಂದ ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ. ಪ್ರಶಸ್ತಿ ಬಂತು ಎಂದು ಹೇಳಿದಾಗ ಎದೆಯ ಮೇಲೆ ಕೈಯಿಟ್ಟುಕೊಂಡು ನನಗಾ ಎಂದು ಕೇಳುವುದನ್ನು ನೋಡಬೇಕು. ನಾಟಕದ ಕಂಪನಿಗಳು ಮುಚ್ಚಿದವು ಎಂದು ಜನ ಸುಮ್ಮನೆ ಮರುಗುತ್ತಾರೆ.

ಎಲ್ಲರಿಗೂ ತಮ್ಮನ್ನು ಎಲೆಮರೆಯ ಕಾಯಿ ಎಂದು ಬರೆಯಬೇಕು. ಅದೊಂದು ಮಾತು ಬಿಟ್ಟುಹೋದರೆ ಮುಖ ಬಾಡುತ್ತದೆ. ಮಲ್ಲೇಶ್ವರದ ಒಬ್ಬ ಎಲೆಮರೆಯ ಕಾಯಿ ತನ್ನ ಬಣ್ಣದ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡೇ ಬಂದಿದ್ದ. ಒಂದು ಶಿಬಿರಕ್ಕೆ ಬೆಳಿಗ್ಗೆ ಬಂದು, ಧ್ವಜ ಹಾರಿಸಿ, ಖಾರಾಬಾತು ಕೇಸರಿಬಾತು ತಿಂದು, ಮಕ್ಕಳು ಡೇರೆಯ ಗೂಟ ಹೊಡೆಯುವ ಹೊತ್ತಿಗೆ ಕಾರು ಹತ್ತಿದವನು. ಮಕ್ಕಳಿಗಾಗಿ ಜೀವ ತೇಯ್ದವರು ಎಂದು ಬರೆಯಿರಿ ಎಂದ. ಎಲ್ಲಿ ತೇಯ್ದಿರಿ ಎಂದು ಕೇಳಿದೆ. ಅದೆಲ್ಲ ನೀವೇ ನೋಡ್ಕೊಳ್ಳಿ ಮೇಡಂ, ಭಾಷೆ ನಿಮ್ಮದು ಎಂದು ನಕ್ಕ. ಅವನಿಗೆ ಆ ವರ್ಷ ಪ್ರಶಸ್ತಿ ಬಂತು. ಅತ್ತೂ ಕರೆದೂ ಔತಣ ಹೇಳಿಸಿಕೊಂಡರು ಎಂಬ ಗಾದೆ ಇದೆಯಲ್ಲ, ನಮ್ಮಲ್ಲಿ ಅಳುವುದು ಕರೆಯುವುದು ಎಲ್ಲ ಹಿತ್ತಲಲ್ಲಿ ಮುಗಿದಿರುತ್ತದೆ. ಪಂಕ್ತಿಗೆ ಬಂದಾಗ ಮಾತ್ರ ಬೇಡ ಬೇಡ.

ಮದುವೆಮನೆಯ ಊಟದಲ್ಲಿ ನೋಡಿರುತ್ತೀರಿ. ಒಬ್ಬಟ್ಟಿನವನು ಬಂದಾಗ ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಬೆರಳುಗಳ ಸಂದಿ ಮಾತ್ರ ಬಿಟ್ಟಿರುತ್ತಾರೆ. ಬಡಿಸುವವನಿಗೂ ಅದು ಗೊತ್ತು, ಅವನು ಬಡಿಸಿಯೇ ಮುಂದೆ ಹೋಗುತ್ತಾನೆ. ನಿಜವಾಗಿ ಬೇಕು, ಹಾಕಪ್ಪ ಎಂದವನನ್ನು ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ನಮ್ಮ ಸಂಸ್ಥೆಯ ಪ್ರಶಸ್ತಿಯೂ ಅಷ್ಟೇ.

ನನ್ನನ್ನು ಆಯ್ಕೆ ಸಮಿತಿಗೆ ಹಾಕಿಕೊಂಡಿದ್ದರು. ಪ್ರತಿ ವರ್ಷ ಅಧ್ಯಕ್ಷರು ನನ್ನ ಹೆಸರನ್ನೂ ಎತ್ತುತ್ತಿದ್ದರು. ನಾನು ಬೇಡವೆನ್ನುತ್ತಿದ್ದೆ. ನನ್ನ ಬೇಡ ನಿಜವಾದ ಬೇಡ. ಮೈಸೂರು ಪೇಟ ತಲೆಗಿಟ್ಟುಕೊಂಡು, ಜರಿ ಶಾಲಿನಲ್ಲಿ ಬೆವರುತ್ತಾ, ಹಣ್ಣಿನ ಬುಟ್ಟಿ ಅವುಚಿಕೊಂಡು ಫೋಟೋಗೆ ಹಲ್ಲು ಕಿರಿಯುವ ಆ ಸಾಲನ್ನು ಕಂಡರೆ ನನಗೆ ಅಸಹ್ಯ. ಅದರಲ್ಲಿ ನಿಲ್ಲದ ಒಬ್ಬಳೇ ನಾನು ಎಂಬ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಹೀಗಿರುವಾಗ ಹೋದ ವರ್ಷ ನಾನೇ ಕೂತು, ಯಾರೂ ಹಾಳೆ ತಂದುಕೊಡದೆ, ಒಬ್ಬರ ಹೆಸರು ಬರೆದೆ.

ಆಕೆಯನ್ನು ನಮ್ಮ ಸಂಸ್ಥೆಯ ಚಾಮರಾಜಪೇಟೆ ದಳದ ಹುಡುಗಿಯರು ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತವರಿನವರದು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ, ಆಕೆಯದು ಚಾಮರಾಜಪೇಟೆಯಲ್ಲೇ ಒಂದು ತರಕಾರಿ ಅಂಗಡಿ. ನಾನು ಶಾಲೆಯಲ್ಲಿದ್ದಾಗ ಅಲ್ಲಿಯ ಮೈದಾನದಲ್ಲಿ ಹುಡುಗಿಯರ ದಳ ಶುರುಮಾಡಿದ್ದೆ. ಆಕೆಯ ಮಗಳು ನನ್ನ ತರಗತಿಯಲ್ಲಿದ್ದಳು. ಮಗಳನ್ನು ಸೇರಿಸಲು ಬಂದಾಕೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ, ಹುಡುಗೀರನ್ನ ಸಾಲಲ್ಲಿ ನಿಲ್ಲಿಸೋಕೇ ಇಷ್ಟು ಹೊತ್ತಾ ಮಿಸ್ ಎಂದಿದ್ದಳು. ಮುಂದಿನ ಭಾನುವಾರ ಒಳಗೇ ಬಂದು ತಾನೇ ನಿಲ್ಲಿಸಿದಳು. ನನ್ನ ಮಂಡಿ ಕೈಕೊಟ್ಟಾಗ ಸೀಟಿಯನ್ನು ಆಕೆಗೇ ಕೊಟ್ಟು ಬಂದೆ. ಮಗಳು ಓದು ಮುಗಿಸಿ, ಮದುವೆಯಾಗಿ ಗವಿಪುರಕ್ಕೆ ಹೋದಳು. ತಾಯಿ ಮೈದಾನದಲ್ಲೇ ಉಳಿದಳು.

ದೇವತೆ ಏನಲ್ಲ. ಬಾಯಿ ಜೋರು. ಸಂಸ್ಥೆ ಕೇಳುವ ವರದಿಗಳನ್ನು ಯಾವತ್ತೂ ಹೊತ್ತಿಗೆ ಸರಿಯಾಗಿ ಕಳಿಸಿದವಳಲ್ಲ. ತಡವಾಗಿ ಬಂದ ಹುಡುಗಿಯನ್ನು ಅವಳಪ್ಪನ ಎದುರಿಗೇ ಬೈಯುತ್ತಾಳೆ, ಅಪ್ಪ ಏನಾದರೂ ಅಂದರೆ ಅವನಿಗೂ ಎರಡು ಬಿಡುತ್ತಾಳೆ. ಆದರೆ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ನೋಡಬೇಕು. ಪೇಟೆಯ ಸಂದಿಗೊಂದಿಗಳಿಂದ, ವಠಾರದ ಮನೆಗಳಿಂದ ಬರುವ ಹುಡುಗಿಯರು. ಮನೆಯಲ್ಲಿ ಮೆಲ್ಲಗೆ ಮಾತಾಡು, ಮೆಲ್ಲಗೆ ನಡೆ, ತಮ್ಮ ಓದುತ್ತಿದ್ದಾನೆ ಎಂದು ಹೇಳಿಸಿಕೊಂಡು ಬೆಳೆದವರು. ಆ ಗೇಟು ದಾಟಿದ ಕೂಡಲೇ ಓಡುತ್ತಾರೆ. ಎಲ್ಲಿಗೂ ಅಲ್ಲ, ಸುಮ್ಮನೆ ಮೈದಾನದ ಆ ತುದಿಯ ಮಳೆಮರದ ತನಕ ಓಡಿ, ಗಂಟಲು ಹರಿಯುವಂತೆ ಕೂಗಿ, ವಾಪಸು ಬರುತ್ತಾರೆ. ಅದಾದ ಮೇಲೇ ಅಕ್ಕ ಸೀಟಿ ಊದುವುದು. ಆ ಓಟಕ್ಕೆ ನಮ್ಮ ಪಠ್ಯಕ್ರಮದಲ್ಲಿ ಜಾಗವಿಲ್ಲ, ಅದು ಆಕೆಯೇ ಸೇರಿಸಿದ್ದು.

ಆ ಮೈದಾನಕ್ಕೇ ಕುತ್ತು ಬಂತು. ಶಾಲೆಯ ಎದುರಿಗಿರುವ ಹಳೆಯ ಕಲ್ಯಾಣ ಮಂಟಪವನ್ನು ಒಡೆದು ಹೊಸದಾಗಿ ಕಟ್ಟಿದ್ದರು. ಕಟ್ಟಡ ಅರಮನೆಯ ಹಾಗಿದೆ, ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ. ಭಾನುವಾರದ ಮುಹೂರ್ತಗಳಿಗೆ ಮೈದಾನ ಕೊಡಿ ಎಂದು ಅವರು ಶಾಲೆಯ ಟ್ರಸ್ಟನ್ನು ಕೇಳಿದರು. ಕನ್ನಡ ಮಾಧ್ಯಮದ ಶಾಲೆ, ಮಕ್ಕಳು ಕಡಿಮೆಯಾಗುತ್ತಾ ಬಂದಿದ್ದಾರೆ, ಟ್ರಸ್ಟಿಗೂ ಆಸೆಯಾಯಿತು. ಟ್ರಸ್ಟಿನ ಕಾರ್ಯದರ್ಶಿ ಕೆಟ್ಟವರಲ್ಲ, ಧೈರ್ಯ ಕಡಿಮೆ ಅಷ್ಟೇ. ಅಕ್ಕನನ್ನು ಕರೆದು, ಕಾರ್ತಿಕದ ಮದುವೆಗಳು ಶುರುವಾಗುವ ಮುಂಚೆ ನಮ್ಮ ಮೀಟಿಂಗಿದೆ, ಅಷ್ಟರಲ್ಲಿ ನಿಮ್ಮ ದಳಕ್ಕೆ ಒಂದು ಗೌರವ, ಒಂದು ಪ್ರಶಸ್ತಿ ಅಂತ ಬಂದರೆ ನಾನು ಬಾಯಿ ಬಿಡಬಹುದು, ಇಲ್ಲದಿದ್ದರೆ ಕಷ್ಟ ಎಂದರು.

ಅಕ್ಕ ನೇರ ನನ್ನ ಮನೆಗೆ ಬಂದಳು. ಮಂಡಿನೋವು ವಿಚಾರಿಸಲಿಲ್ಲ. "ನನಗೊಂದು ಪ್ರಶಸ್ತಿ ಬೇಕು ಮಿಸ್," ಎಂದಳು. "ಗ್ರೌಂಡ್ ಹೋಯ್ತು ಅಂದ್ರೆ ಹುಡುಗೀರನ್ನ ಎಲ್ಲಿ ನಿಲ್ಲಿಸ್ಲಿ?"

ಸುತ್ತಮುತ್ತ ಬೇರೆ ಜಾಗ ನಾನೂ ಯೋಚಿಸಿದೆ. ಖಾಲಿಯಿದ್ದ ಕಡೆಯೆಲ್ಲ ಬಲೆ ಕಟ್ಟಿ ಕ್ರಿಕೆಟ್ ಕೋಚಿಂಗ್ ಮಾಡುತ್ತಿದ್ದಾರೆ. ಪಾರ್ಕಿನಲ್ಲಿ ಸೀಟಿ ಊದಿದರೆ ವಾಕಿಂಗ್ ಸಂಘದವರು ಕೇಸು ಹಾಕುವವರ ಹಾಗೆ ಬರುತ್ತಾರೆ. ಗ್ರೌಂಡ್ ಹೋದರೆ ದಳ ಮುಚ್ಚಿದ ಹಾಗೆ. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಅವತ್ತೇ ಕೂತು ಬರೆದೆ. ಎಲೆಮರೆಯ ಕಾಯಿ ಎಂದು ಬರೆಯಲಿಲ್ಲ. ಜೀವ ತೇಯಿಸಲಿಲ್ಲ. ಆಕೆ ಮಾಡುವುದನ್ನು ಮಾಡುವ ಹಾಗೆ ಬರೆದೆ. ಮುಗಿಸಿದ ಮೇಲೆ ಒಂದೇ ಒಂದು ಬುದ್ಧಿಮಾತು ಹೇಳಿದೆ: ಅಧ್ಯಕ್ಷರು ದಳ ನೋಡಲು ಬರುತ್ತಾರೆ, ಅವರ ಎದುರಿಗೆ ಈ ವಿಷಯ ಎತ್ತಬೇಡ.

"ಯಾಕೆ ಮಿಸ್, ಬೇಕಾದ್ದನ್ನ ಕೇಳಿದ್ರೆ ತಪ್ಪಾ?"

ತಪ್ಪು ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಆಕೆ ನಕ್ಕಳು. ಮಂಡಿಯಲ್ಲಿ ಬೆಳೆದವಳು. ಅಲ್ಲಿ ಬಾಯಿ ಬಿಡದವನು ಖಾಲಿ ಬುಟ್ಟಿ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಬೇಕಾದವನು ಬೇಡ ಎನ್ನುವ ವ್ಯವಹಾರವನ್ನು ಆಕೆ ಹುಟ್ಟಿದಾರಭ್ಯ ಕಂಡಿರಲಿಲ್ಲ.

ನಮ್ಮ ಅಧ್ಯಕ್ಷರ ಬಗ್ಗೆ ಹೇಳಬೇಕು. ಕುಮಾರ ಪಾರ್ಕಿನವರು. ಅಪ್ಪ ಊರಲ್ಲಿ ಜಮೀನು ಮಾಡಿದರು, ಇವರು ಬೆಂಗಳೂರಿನಲ್ಲಿ ಸೈಟು ಮಾಡಿದರು. ಬಿಳಿ ಷರಟು, ಬಿಳಿ ಪ್ಯಾಂಟು, ಮೆತ್ತಗಿನ ಮಾತು. ಯಾರ ಮನಸ್ಸನ್ನೂ ನೋಯಿಸಬಾರದು ಎಂಬುದು ಅವರ ತತ್ವ. ಆ ತತ್ವದಿಂದಾಗಿ ಪ್ರಶಸ್ತಿ ಒಬ್ಬೊಬ್ಬರಿಗೂ ಸರದಿಯ ಮೇಲೆ ಬರುತ್ತದೆ, ಕೆಲಸ ಮಾಡಿದವರಿಗೂ, ಮಾಡಿದವರ ಪಕ್ಕ ನಿಂತವರಿಗೂ. ಪ್ರತಿ ದಳಕ್ಕೂ ವರ್ಷಕ್ಕೊಮ್ಮೆ ಭೇಟಿ ಕೊಡುತ್ತಾರೆ. ಮಕ್ಕಳ ವಂದನೆ ಸ್ವೀಕರಿಸಿ, ಡೇರೆಯೊಳಗೆ ಇಣುಕಿ, ಒಂದು ಬಾಳೆಹಣ್ಣು ತಿಂದು, ಹೊರಡುವ ಮುಂಚೆ ಒಂದು ಮಾತು ಕೇಳುತ್ತಾರೆ. "ಏನಾದ್ರೂ ಬೇಕೇನಮ್ಮ? ಸಂಕೋಚ ಬೇಡ, ಕೇಳಿ." ಇದಕ್ಕೆ ಗೊತ್ತಿರುವ ಉತ್ತರ ಒಂದೇ. ನಿಮ್ಮ ಆಶೀರ್ವಾದ ಇದ್ದರೆ ಸಾಕು ಸರ್. ಎಲ್ಲ ದಳದವರೂ ಅದನ್ನೇ ಹೇಳುತ್ತಾರೆ, ಅವರು ತಲೆದೂಗಿ ಕಾರು ಹತ್ತುತ್ತಾರೆ.

ಆ ಭಾನುವಾರ ನಾನೂ ಅಲ್ಲಿದ್ದೆ. ಹುಡುಗಿಯರು ಚೆನ್ನಾಗಿ ಸಾಲು ನಿಂತರು, ಡೇರೆ ಬಿಗಿಯಾಗಿತ್ತು, ಬಾಳೆಹಣ್ಣೂ ಆಯಿತು. ಅಧ್ಯಕ್ಷರು ಕೇಳಿದರು. ನಾನು ಅಕ್ಕನ ಕಡೆ ಕಣ್ಣು ಮಾಡಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಬೇಕು ಸರ್," ಎಂದಳು. "ಈ ಸಲದ ಪ್ರಶಸ್ತಿ ನನಗೆ ಕೊಡಿ. ಅದು ಬಂದ್ರೆ ಈ ಗ್ರೌಂಡ್ ಉಳಿಯುತ್ತೆ. ಅಳದೆ ಇದ್ರೆ ಅಮ್ಮನೂ ಹಾಲು ಕೊಡಲ್ಲ ಅಂತಾರಲ್ಲ, ಅದಕ್ಕೇ ಕೇಳ್ತಿದೀನಿ."

ಅಧ್ಯಕ್ಷರ ಜೊತೆ ಬಂದಿದ್ದ ಇಬ್ಬರು ತಕ್ಷಣ ಮಳೆಮರವನ್ನು ನೋಡತೊಡಗಿದರು, ಅದರಲ್ಲಿ ಏನೋ ಹೊಸದಿದ್ದ ಹಾಗೆ. ಅಧ್ಯಕ್ಷರು ಕರ್ಚೀಫು ತೆಗೆದು ಬಾಳೆಹಣ್ಣಿನ ಕೈ ಒರೆಸಿಕೊಂಡರು. ನೋಡೋಣಮ್ಮ ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವರು ಒದೆಯುವ ಜನವಲ್ಲ. ಇವರು ನೋಡೋಣ ಎನ್ನುವ ಜನ.

ಸಮಿತಿ ಸೇರುವುದು ಅಧ್ಯಕ್ಷರ ಮನೆಯ ಮುಂದಿನ ಹಜಾರದಲ್ಲಿ. ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ, ಆಮೇಲೆ ಕಾಫಿ. ಗೋಡೆಯ ತುಂಬ ಅವರು ಪೇಟ ತೊಟ್ಟ ಫೋಟೋಗಳು. ಅಕ್ಕನ ಹೆಸರು ಬಂದಾಗ ಎಲ್ಲರೂ ಒಮ್ಮೆಗೇ ಸಪ್ಪಗಾದರು. ನಾನು ಬರೆದದ್ದನ್ನು ಓದಿ ಹೇಳಿದೆ. ಬಹಳ ಚೆನ್ನಾಗಿ ಬರೆದಿದ್ದೀರಿ ಎಂದರು. ಕೆಲಸದ ಬಗ್ಗೆ ಎರಡು ಮಾತಿಲ್ಲ ಎಂದರು. ಅಧ್ಯಕ್ಷರ ಮುಖದಲ್ಲಿ ನಿಜವಾದ ನೋವಿತ್ತು.

"ಆದ್ರೆ ಕೇಳ್ಬಿಟ್ರಲ್ಲ ಮೇಡಂ," ಎಂದರು. "ಕೇಳಿದವರಿಗೆ ಕೊಡೋ ಪದ್ಧತಿ ಇಲ್ಲ ನಮ್ಮಲ್ಲಿ."

ನನಗೆ ಎಲ್ಲಿತ್ತೋ ಕೋಪ. ಈ ಸಮಿತಿಯಲ್ಲಿ ಕೂತವರಲ್ಲಿ ಕೇಳದೆ ಪಡೆದವರು ಯಾರಿದ್ದೀರಿ, ನಿಮ್ಮ ನಿಮ್ಮ ಬಿನ್ನವತ್ತಳೆಗಳನ್ನು ತಿದ್ದಿದವಳು ನಾನೇ ಅಲ್ಲವೇ, ಒಬ್ಬೊಬ್ಬರು ನನ್ನ ಮನೆಯ ಯಾವ ಕುರ್ಚಿಯಲ್ಲಿ ಕೂತು ಏನೇನು ಸೇರಿಸಿ ಎಂದಿರಿ ಹೇಳಲೇ ಎಂದು ಕೇಳಿದೆ. ಯಾರಿಗೂ ಬೇಸರವಾಗಲಿಲ್ಲ. ಅದು ಬೇರೆ, ಇದು ಬೇರೆ ಮೇಡಂ ಎಂದು ಒಬ್ಬರು ಮೃದುವಾಗಿ ತಿಳಿಹೇಳಿದರು. ನಾವು ಸಾರ್ವಜನಿಕವಾಗಿ ಕೇಳಿಲ್ಲ. ಮಕ್ಕಳ ಎದುರಿಗೆ ಕೇಳಿದರೆ ಮಕ್ಕಳಿಗೆ ಏನು ಸಂದೇಶ ಹೋಗುತ್ತದೆ? ಉಳಿದವರು ಹೌದು ಹೌದು ಎಂದರು. ಕದ್ದು ತಿಂದರೆ ಹಸಿವು, ಕೇಳಿ ತಿಂದರೆ ಹೊಟ್ಟೆಬಾಕತನ. ಇದನ್ನು ಇವರು ಮಕ್ಕಳಿಗೆ ಕಲಿಸಬೇಕಂತೆ.

ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಅಲ್ಲಿ ಕಾರುಗಳು ನಿಂತಿರುತ್ತವೆ ಎಂದೆ. ಅದಕ್ಕೆ ಅಧ್ಯಕ್ಷರು ಸ್ವಲ್ಪ ಮುಂದೆ ಬಾಗಿ, ಶುಭ ಸಮಾಚಾರ ಹೇಳುವವರ ಹಾಗೆ ದನಿ ತಗ್ಗಿಸಿ, ಗ್ರೌಂಡಿನ ವಿಚಾರ ನಾವೂ ಯೋಚನೆ ಮಾಡಿದ್ದೇವೆ, ಈ ಸಲ ಪ್ರಶಸ್ತಿ ನಿಮಗೆ ಕೊಡಬೇಕೆಂದು ಎಲ್ಲರ ಮನಸ್ಸಿದೆ, ಆ ದಳ ಶುರುಮಾಡಿದವರು ನೀವೇ ತಾನೇ ಎಂದರು.

ಬೇಡ ಎಂದೆ. ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು, ಪ್ರೀತಿಯಿಂದ. ನನಗೆ ನಿಜವಾಗಿ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಆಗ ಆ ಮನುಷ್ಯ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅದೇ ಮೇಡಂ ನಿಮ್ಮ ದೊಡ್ಡತನ. ಇಷ್ಟು ವರ್ಷ ನೀವು ಬೇಡ ಬೇಡ ಅಂದಷ್ಟೂ ನಿಮ್ಮ ಹೆಸರು ಮೇಲಕ್ಕೇ ಹೋಯ್ತು. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬೇಡ ಅನ್ನೋಕೆ ಬರಲ್ಲ."

ಇಷ್ಟು ವರ್ಷ ನಾನು ಇವರ ಸಾಲಿನಿಂದ ಹೊರಗೆ ನಿಂತಿದ್ದೇನೆ ಅಂದುಕೊಂಡಿದ್ದೆ. ಇವರ ಲೆಕ್ಕದಲ್ಲಿ ನಾನು ಎಲ್ಲರಿಗಿಂತ ಮೊದಲೇ ಬಂದು, ಸಾಲಿನ ತುದಿಯಲ್ಲಿ, ಬೆರಳ ಸಂದಿ ಬಿಟ್ಟುಕೊಂಡು ನಿಂತಿದ್ದವಳು. ಕೋಡುಬಳೆ ತಟ್ಟೆ ನನ್ನ ಕಡೆ ಸರಿಯಿತು. ತಗೊಳ್ಳಲಿಲ್ಲ. ಅದನ್ನೂ ಅವರು ದೊಡ್ಡತನ ಎಂದೇ ತಿಳಿದಿರಬೇಕು.

ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ. ಆಟೋ ಹಿಡಿದು ಅಕ್ಕನ ಅಂಗಡಿಗೆ ಹೋದೆ. ಸಂಜೆಯ ವ್ಯಾಪಾರದ ಹೊತ್ತು, ಆಕೆ ಯಾರಿಗೋ ಹುರುಳಿಕಾಯಿ ತೂಗುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವರನ್ನು ನನಗೆ ಬರುವ ಕನ್ನಡದಲ್ಲೆಲ್ಲ ಬೈದೆ. ರಾಜೀನಾಮೆ ಕೊಡುತ್ತೇನೆ, ಆ ಪೇಟವನ್ನು ಅವರ ಹಜಾರದಲ್ಲೇ ಬಿಸಾಕಿ ಬರುತ್ತೇನೆ ಎಂದೆ. ಆಕೆ ಕಾಯಿ ತೂಗಿ, ಮೇಲೊಂದು ಹಿಡಿ ಹಾಕಿ, ಗಿರಾಕಿಯನ್ನು ಕಳಿಸಿದಳು. ಆಮೇಲೆ ಕೊತ್ತಂಬರಿ ಕಟ್ಟುಗಳಿಗೆ ನೀರು ಚಿಮುಕಿಸತೊಡಗಿದಳು. ನನ್ನ ಮುಖ ನೋಡಲಿಲ್ಲ. ಆಕೆಗೆ ಅಳು ಬರುತ್ತಿದೆ ಎಂದು ನನಗೆ ತಡವಾಗಿ ಗೊತ್ತಾಯಿತು.

"ನಾನು ಕೇಳಿದ್ದಕ್ಕೆ ಇಲ್ಲ. ನೀವು ಬೇಡ ಅಂದಿದ್ದಕ್ಕೆ ನಿಮಗೆ," ಎಂದಳು. ಕೈಯ ನೀರು ಸೆರಗಿಗೆ ಒರೆಸಿಕೊಂಡಳು. "ಇರ್ಲಿ ಬಿಡಿ. ಪ್ರಶಸ್ತೀಲಿ ನಮ್ಮ ಗ್ರೌಂಡ್ ದಳ ಅಂತ ಬರೀತಾರಾ?"

ಬರೆಯುತ್ತಾರೆ, ಸ್ಥಾಪಕಿ ಎಂದು ಬರೆಯುತ್ತಾರೆ ಎಂದೆ.

"ಹಂಗಾದ್ರೆ ತಗೊಳ್ಳಿ ಮಿಸ್. ಸ್ಟೇಜ್ ಮೇಲೆ ಏನೂ ಎಡವಟ್ಟು ಮಾತಾಡ್ಬೇಡಿ, ನಿಮ್ಮ ನಾಲಿಗೆ ನನಗೆ ಗೊತ್ತು. ಸುಮ್ನೆ ತಗೊಂಡು ಬಂದ್ಬಿಡಿ. ನನಗೆ ಗ್ರೌಂಡ್ ಬೇಕು."

ನನಗೆ ಅದಕ್ಕಿಂತ ಬೈಸಿಕೊಳ್ಳುವುದು ಸುಲಭವಾಗಿತ್ತು. ನನ್ನ ಸ್ವಾಭಿಮಾನ ಎಂದು ಇಷ್ಟು ವರ್ಷ ಒಪ್ಪವಾಗಿ ಮಡಿಸಿಟ್ಟುಕೊಂಡಿದ್ದೆನಲ್ಲ, ಆಕೆಗೆ ಅದು ಯಾವ ಲೆಕ್ಕಕ್ಕೂ ಇರಲಿಲ್ಲ. ಮರುದಿನ ಅಧ್ಯಕ್ಷರಿಗೆ ಫೋನು ಮಾಡಿ ಆಗಲಿ ಎಂದೆ. ಎಲ್ಲರೂ ಕೊನೆಗೆ ಹಾಗೇ ಅನ್ನುತ್ತಾರೆ ಎಂಬ ಹಾಗೆ ಅವರು ಸಂತೋಷಪಟ್ಟರು.

ಸಮಾರಂಭ ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ. ಸಭಾಂಗಣದ ಬಾಗಿಲಲ್ಲಿ ಪನ್ನೀರು, ಕಲ್ಲುಸಕ್ಕರೆ. ಒಳಗೆ ಮುಂದಿನ ಎರಡು ಸಾಲು ಗಣ್ಯರಿಗೆ ಎಂದು ಕಾಗದ ಅಂಟಿಸಿದ್ದರು, ಅದರಿಂದಾಗಿ ಅಲ್ಲಿ ಯಾರೂ ಕೂರದೆ ಖಾಲಿ ಬಿದ್ದಿತ್ತು. ಅಕ್ಕ ತನ್ನ ಹುಡುಗಿಯರನ್ನು ಕರೆದುಕೊಂಡು ಬಂದು ಹಿಂದೆ ಕೂತಿದ್ದಳು. ಸ್ವಾಗತ ಗೀತೆಗೂ, ಗಣ್ಯರಿಗೆ ವಂದನೆ ಸಲ್ಲಿಸುವುದಕ್ಕೂ ಆ ದಳದ ಹುಡುಗಿಯರೇ ಬೇಕೆಂದು ಸಂಸ್ಥೆಯೇ ಹೇಳಿಕಳಿಸಿತ್ತು. ಅಚ್ಚುಕಟ್ಟಾಗಿ ಮಾಡುವ ದಳ ಅದೊಂದೇ ಎಂದು ಅವರಿಗೆ ಗೊತ್ತು. ಆ ಅಚ್ಚುಕಟ್ಟು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ.

ವೇದಿಕೆಯ ಮೇಲೆ ಶಾಲೆಯ ಟ್ರಸ್ಟಿನ ಕಾರ್ಯದರ್ಶಿಯನ್ನೂ ಕೂರಿಸಿದ್ದರು. ನನ್ನ ಬಿನ್ನವತ್ತಳೆ ಓದಿದರು. ಅದನ್ನು ಯಾರು ಬರೆದರೋ ಗೊತ್ತಿಲ್ಲ, ಮೊದಲ ಸಾಲಿನಲ್ಲೇ ನಾನು ಎಲೆಮರೆಯ ಕಾಯಿಯಾಗಿದ್ದೆ. ಮುಂದೆ ನನ್ನ ಜೀವವನ್ನೂ ತೇಯ್ದರು. ಆಮೇಲೆ ಪೇಟ ಬಂತು. ನನ್ನ ತಲೆಗೆ ದೊಡ್ಡದಾಯಿತು, ಒಂದು ಕಿವಿಯ ಮೇಲೆ ಜಾರಿ ಕೂತಿತು. ಶಾಲು ಹೊದಿಸಿದರು, ಫೋಟೋದವನಿಗೆ ಸರಿಯಾಗಿ ಸಿಗಲಿಲ್ಲವೆಂದು ತೆಗೆದು ಮತ್ತೆ ಹೊದಿಸಿದರು. ಹಣ್ಣಿನ ಬುಟ್ಟಿ ಕೈಗಿಟ್ಟರು. ಯಾವ ಸಾಲನ್ನು ಕಂಡರೆ ಅಸಹ್ಯ ಎನ್ನುತ್ತಿದ್ದೆನೋ ಆ ಸಾಲಿನ ನಡುವೆ ನಿಂತು ನಾನೂ ಹಲ್ಲು ಕಿರಿದೆ.

ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಧನ್ಯವಾದ ಎಂದು ಹೇಳಿ ಕೂರುವುದೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅಕ್ಕ ಕಂಡಳು. ನಿದ್ದೆ ತೂಗುತ್ತಿದ್ದ ಒಂದು ಹುಡುಗಿಯ ಸ್ಕಾರ್ಫು ಸರಿಮಾಡುತ್ತಿದ್ದಳು. ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ.

"ಈ ಪ್ರಶಸ್ತಿಗೆ ನಾನು ಅರ್ಹಳಲ್ಲ," ಎಂದೆ. "ಇದು ಸಲ್ಲಬೇಕಾದವರು ಬೇರೆ ಇದ್ದಾರೆ."

ಚಪ್ಪಾಳೆ ಬಿತ್ತು. ಅಂಥಿಂಥ ಚಪ್ಪಾಳೆಯಲ್ಲ, ಅವತ್ತಿನ ಇಡೀ ಸಮಾರಂಭದಲ್ಲೇ ದೊಡ್ಡದು. ನಾನು ಕೈಯೆತ್ತಿ ಇಲ್ಲ, ನಿಜವಾಗಿ ಹೇಳುತ್ತಿದ್ದೇನೆ ಎಂದೆ. ಇನ್ನೂ ಜೋರಾಯಿತು. ಕೆಲವರು ಎದ್ದು ನಿಂತರು. ಮಲ್ಲೇಶ್ವರದ ಎಲೆಮರೆಯ ಕಾಯಿ ಕಣ್ಣೊರೆಸಿಕೊಳ್ಳುತ್ತಿದ್ದ. ಅಧ್ಯಕ್ಷರು ಮೈಕನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಕ್ಕಳೇ, ನೀವು ಕಲಿಯಬೇಕಾದ್ದು ಈ ವಿನಯವನ್ನು ಎಂದರು. ಮಕ್ಕಳೂ ತಟ್ಟಿದರು. ಅಕ್ಕನೂ ತಟ್ಟಿದಳು.

ಕಾರ್ಯದರ್ಶಿಗೆ ಆ ಚಪ್ಪಾಳೆಯಿಂದ ಧೈರ್ಯ ಬಂತೋ ಏನೋ, ಮೀಟಿಂಗಿನ ತನಕ ಕಾಯಲಿಲ್ಲ. ಎದ್ದು ನಿಂತು, ಇಂಥವರು ಕಟ್ಟಿದ ದಳ ನಮ್ಮ ಶಾಲೆಯ ಹೆಮ್ಮೆ, ಭಾನುವಾರದ ಮೈದಾನ ಎಂದೆಂದಿಗೂ ಅದರದ್ದೇ ಎಂದು ಘೋಷಿಸಿಬಿಟ್ಟರು. ಅಷ್ಟು ಜನರೆದುರು ಹೇಳಿದ್ದನ್ನು ಟ್ರಸ್ಟಿನವರು ಆಮೇಲೆ ಇಲ್ಲವೆನ್ನಲಿಲ್ಲ. ಕಾರುಗಳು ಈಗ ಬೇರೆ ಎಲ್ಲೋ ನಿಲ್ಲುತ್ತವೆ. ಶಾಲೆಯ ಗೇಟಿನ ಮೇಲೆ ನನ್ನ ಮುಖದ ದೊಡ್ಡ ಫ್ಲೆಕ್ಸು ಬಹಳ ದಿನ ಇತ್ತು. ಪಕ್ಕದಲ್ಲಿ ಅಧ್ಯಕ್ಷರು, ಕೆಳಗೆ ಕಾರ್ಯದರ್ಶಿ. ಅಕ್ಕನ ಮುಖ ಅದರಲ್ಲಿರಲಿಲ್ಲ. ಅದನ್ನು ಗೇಟಿಗೆ ಬಿಗಿದದ್ದು ಅವಳ ಹುಡುಗಿಯರು.

ಸಮಾರಂಭ ಮುಗಿದ ಮೇಲೆ ನಾನು ಬುಟ್ಟಿ ಹೊತ್ತುಕೊಂಡು ಹಿಂದಿನ ಸಾಲಿಗೆ ಹೋದೆ. ಆಕೆ ಹುಡುಗಿಯರನ್ನು ಬಸ್ಸಿಗೆ ಹೊರಡಿಸುತ್ತಿದ್ದಳು. ಗ್ರೌಂಡ್ ಉಳಿದ ಸಂತೋಷ ಮುಖದ ಮೇಲೆ ಹಾಗೇ ಇತ್ತು. ಬುಟ್ಟಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಹಣ್ಣುಗಳನ್ನು ಒತ್ತಿ ನೋಡಿ, ಚೆನ್ನಾಗಿರುವುದನ್ನೆಲ್ಲ ಹುಡುಗಿಯರಿಗೆ ಹಂಚಿದಳು. ನಾನು ವೇದಿಕೆಯ ಮೇಲೆ ಹೇಳಿದ್ದು ನಿನ್ನ ಬಗ್ಗೆ, ನಿಜವಾಗಿ ಹೇಳಿದ್ದು ಎಂದೆ.

ಆಕೆ ನನ್ನ ಪೇಟವನ್ನು ಕಿವಿಯ ಮೇಲಿಂದ ಸರಿಮಾಡಿ ನೆಟ್ಟಗೆ ಕೂರಿಸಿದಳು.

"ಚೆನ್ನಾಗಿ ಹೇಳಿದ್ರಿ ಮಿಸ್," ಎಂದಳು. "ಅವತ್ತು ಗ್ರೌಂಡಲ್ಲಿ ನಾನೂ ಹಂಗೇ ಹೇಳ್ಬೇಕಿತ್ತು."